ಜಾಂಗೋ ಯುಟಿಲ್ಸ್‌ನ ಸ್ಲಗಿಫೈ ಕನ್ನಡದ ಒತ್ತು, ಗುಣಿತಗಳನ್ನು ಅಳಿಸುತ್ತದೆ: ತಿದ್ದುವುದು ಎಲ್ಲಿ, ಮುಂದೆ ನೋಡಿಕೊಳ್ಳುವುದು ಯಾರು?

ಕಡತಗಾರ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ಒಂದು ಸಣ್ಣ ಕನ್ನಡ ಜಾಲಪತ್ರಿಕೆಯ ತಾಂತ್ರಿಕ ಕೆಲಸವನ್ನು ನೋಡಿಕೊಳ್ಳುತ್ತಿದ್ದೇವೆ. ನಮಗಿಂತ ಮೊದಲಿದ್ದವರು ಅದನ್ನು ಜಾಂಗೋ ಎಂಬ ಪೈಥಾನ್ ಜಾಲತಾಣ ಚೌಕಟ್ಟಿನ 2.2ನೆಯ ಆವೃತ್ತಿಯ ಮೇಲೆ ಕಟ್ಟಿ ಬಿಟ್ಟುಹೋಗಿದ್ದರು. ಈಗ ಅದನ್ನು 4.2ಕ್ಕೆ ಏರಿಸಲು ಹೊರಟಾಗ ಚೌಕಟ್ಟಿನ ಒಳಗಿರುವ ಯುಟಿಲ್ಸ್ ಎಂಬ ಪ್ಯಾಕೇಜು ನಮ್ಮನ್ನು ಎರಡು ಕಡೆ ಅಡ್ಡಗಟ್ಟಿದೆ.

ಮೊದಲನೆಯ ಅಡ್ಡಿ ಆಮದುಗಳದು. ನಮ್ಮ ಕೋಡಿನ ಹತ್ತಾರು ಕಡತಗಳು ಆ ಪ್ಯಾಕೇಜಿನಿಂದ ನೇರವಾಗಿ ಏನಾದರೊಂದನ್ನು ತಂದುಕೊಂಡಿವೆ: ಸಿಕ್ಸ್, ಫೋರ್ಸ್ ಟೆಕ್ಸ್ಟ್, ಯುಆರ್‌ಎಲ್ ಕೋಟ್, ಯುಗೆಟ್‌ಟೆಕ್ಸ್ಟ್, ಈಸ್ ಸೇಫ್ ಯುಆರ್‌ಎಲ್. 4.2ರಲ್ಲಿ ಇವುಗಳಲ್ಲಿ ಒಂದೂ ಉಳಿದಿಲ್ಲ.

ಎರಡನೆಯದು ನಮಗೆ ಹೆಚ್ಚು ನೋವಿನದು. ಲೇಖನದ ಶೀರ್ಷಿಕೆಯಿಂದ ಕೊಂಡಿಯ ಪಠ್ಯವನ್ನು ತಯಾರಿಸುವ ಸ್ಲಗಿಫೈ ಫಂಕ್ಷನ್ನಿಗೆ ಕನ್ನಡವನ್ನು ಹಾಗೆಯೇ ಕೊಟ್ಟರೆ ಖಾಲಿ ಉತ್ತರ ಬರುತ್ತದೆ. ಯುನಿಕೋಡ್‌ಗೆ ಅನುಮತಿ ಕೊಡುವ ಆಯ್ಕೆಯನ್ನು ತೆರೆದರೆ "ಕನ್ನಡ" ಎಂಬುದು "ಕನನಡ" ಎಂದೂ "ಬೆಂಗಳೂರು" ಎಂಬುದು "ಬಗಳರ" ಎಂದೂ ಹೊರಬರುತ್ತದೆ. ಹಿಂದಿನ ತಂಡ ಇದನ್ನು ಗಮನಿಸಿಯೂ ಸುಮ್ಮನಿತ್ತೋ, ಗಮನಿಸಲೇ ಇಲ್ಲವೋ ಗೊತ್ತಿಲ್ಲ; ಅಂತೂ ಪತ್ರಿಕೆಯ ಹಳೆಯ ಕೊಂಡಿಗಳೆಲ್ಲವೂ ಈ ಮೂಳೆಚಕ್ಕಳದ ರೂಪದಲ್ಲಿಯೇ ಇವೆ.

ಯುಟಿಲ್ಸ್ ಪ್ಯಾಕೇಜನ್ನು ಇಡಿಯಾಗಿ ನಮ್ಮ ಕೋಡಿನ ಭಂಡಾರಕ್ಕೆ ನಕಲು ಮಾಡಿಕೊಂಡು, ಬೇಕಾದಂತೆ ತಿದ್ದಿ, ನಿಧಾನವಾಗಿರುವ ಭಾಗಗಳನ್ನು ಚುರುಕುಗೊಳಿಸಿಬಿಡೋಣ ಎಂಬುದು ನನ್ನ ಸಹೋದ್ಯೋಗಿ ವೇಗದೂತ ಅವರ ಸಲಹೆ. ನನಗೆ ಅದು ಸರಿಯೆನಿಸುತ್ತಿಲ್ಲ, ಆದರೆ ಯಾಕೆ ಸರಿಯಲ್ಲ ಎಂದು ಹೇಳಲೂ ಬರುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಳೇಬೇರು

ಕಡತಗಾರ ಅವರೇ, ನಿಮಗೆ ಹೇಳಲು ಬಾರದ ಆ ಕಾರಣವು ಜಾಂಗೋದ ದಸ್ತಾವೇಜಿನಲ್ಲಿಯೇ ಇದೆ. ಯುಟಿಲ್ಸ್‌ನ ಪುಟವು ಆರಂಭದಲ್ಲಿಯೇ ಹೇಳಿಬಿಡುತ್ತದೆ: ಈ ಪ್ಯಾಕೇಜಿನ ಹೆಚ್ಚಿನ ಮಾಡ್ಯೂಲುಗಳು ಚೌಕಟ್ಟಿನ ಸ್ವಂತ ಬಳಕೆಗಾಗಿ ಬರೆದವು, ಈ ಪುಟದಲ್ಲಿ ಪಟ್ಟಿ ಮಾಡಿದವು ಮಾತ್ರ ಸ್ಥಿರ, ಹಿಂಹೊಂದಾಣಿಕೆಯ, ಅಂದರೆ ಹಳೆಯ ಬಳಕೆ ಮುರಿಯುವುದಿಲ್ಲ ಎಂಬ, ಭರವಸೆ ಇರುವುದು ಅವಕ್ಕೆ ಮಾತ್ರ. ಆ ಸಾಲನ್ನು ಓದದೆ ಅಡಿಗೆಮನೆಗೆ ನುಗ್ಗಿ ಕೈಗೆ ಸಿಕ್ಕಿದ ಪಾತ್ರೆಯನ್ನು ತಂದವರು ನಾವೆಲ್ಲರೂ. ನಾನು ಹತ್ತು ವರ್ಷ ಅದನ್ನೇ ಮಾಡಿದ್ದೇನೆ.

ಸಿಕ್ಸ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂತಹ ಲೈಬ್ರರಿಯನ್ನು ನೋಡಿಕೊಳ್ಳುವುದು ಎಂದರೇನು ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಜಾಂಗೋ ಪೈಥಾನ್ 2ರ ಬೆಂಬಲವನ್ನು ಕೈಬಿಟ್ಟದ್ದು 2017ರ ಡಿಸೆಂಬರಿನಲ್ಲಿ, 2.0 ಆವೃತ್ತಿಯಲ್ಲಿ. ಒಂದೇ ಕೋಡು ಪೈಥಾನ್ 2 ಮತ್ತು 3 ಎರಡರಲ್ಲೂ ಓಡುವಂತೆ ಮಾಡುವ ಸಿಕ್ಸ್ ಎಂಬ ಸೇತುವೆಯಿಂದ ಅಂದೇ ಜಾಂಗೋಗೆ ಯಾವ ಪ್ರಯೋಜನವೂ ಉಳಿಯಲಿಲ್ಲ, ಮತ್ತು ಅದು ದಸ್ತಾವೇಜಿನಲ್ಲಿ ಸೇರಿದ್ದ ಸಾರ್ವಜನಿಕ ಭಾಗವೂ ಆಗಿರಲಿಲ್ಲ. ನಿಯಮದ ಪ್ರಕಾರ ಮರುದಿನವೇ ಕಿತ್ತುಹಾಕಬಹುದಿತ್ತು. ಆದರೂ 3.0 ಬರುವವರೆಗೆ, ಅಂದರೆ 2019ರ ಡಿಸೆಂಬರಿನವರೆಗೆ, ಅದನ್ನು ಉಳಿಸಿಕೊಂಡರು. ಹೊರಗಿನ ನೂರಾರು ಪ್ಯಾಕೇಜುಗಳು ಎರಡೂ ಪೈಥಾನ್‌ಗಳಲ್ಲಿ ನಡೆಯಲು ಇದನ್ನೇ ನೆಚ್ಚಿಕೊಂಡಿದ್ದವು, ಮತ್ತು ಪೈಥಾನ್ 2ರ ಆಯುಸ್ಸು 2020ರ ಜನವರಿ 1ಕ್ಕೆ ಹೇಗೂ ಮುಗಿಯುವುದಿತ್ತು. ಸಿಕ್ಸ್‌ನ ಜೊತೆಗೆ ಕರಿ, ಎಲ್‌ಆರ್‌ಯು ಕ್ಯಾಶ್, ಅವೈಲಬಲ್ ಆಟ್ರ್ಸ್ ಮುಂತಾದ ಒಂದು ಸಾಲೇ ಹೋಯಿತು. ತಾನು ಬಳಸದ, ತಾನು ಭರವಸೆ ಕೊಡದ ಕೋಡನ್ನು ಎರಡು ವರ್ಷ ಸಾಕಿದ ಮೇಲೆ ಬಿಟ್ಟರು ಎಂದಾಯಿತು.

ನೀವು ಹೇಳಿದ ಉಳಿದ ನಾಲ್ಕು ಬೇರೆ ಜಾತಿಯವು. ಅವು 3.0ರಲ್ಲಿ ನಿವೃತ್ತಿಯ ಎಚ್ಚರಿಕೆ ಪಡೆದು 4.0ರಲ್ಲಿ ಹೋದವು. ಒಂದು ಫಂಕ್ಷನ್ ಹಾಗೆ ಹೋಗುವ ಮೊದಲು ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಡುತ್ತಿರಬೇಕು ಎಂಬುದು ಅಲ್ಲಿನ ಪದ್ಧತಿ. 2.2ರಿಂದ 4.2ಕ್ಕೆ ಒಂದೇ ನೆಗೆತಕ್ಕೆ ಹಾರಿದವರಿಗೆ ಆ ಎಚ್ಚರಿಕೆಗಳು ಕೇಳಿಸುವುದೇ ಇಲ್ಲ. ಮೊದಲು 3.2ಕ್ಕೆ ಏರಿಸಿ, ಎಚ್ಚರಿಕೆಗಳನ್ನೆಲ್ಲ ದೋಷಗಳೆಂದು ಪರಿಗಣಿಸುವಂತೆ ಪೈಥಾನ್‌ಗೆ ಹೇಳಿ ಪರೀಕ್ಷೆಗಳನ್ನು ಓಡಿಸಿ, ಎಲ್ಲವೂ ಹಸಿರಾದ ಮೇಲೆ ಮುಂದೆ ಹೋಗಿ. ಜಾಂಗೋ-ಅಪ್‌ಗ್ರೇಡ್ ಎಂಬ ಸಲಕರಣೆಯು ಇಂತಹ ಹೆಸರು ಬದಲಾವಣೆಗಳಲ್ಲಿ ಬಹುಪಾಲನ್ನು ತಾನೇ ತಿದ್ದಿಕೊಡುತ್ತದೆ.

ಇನ್ನು ಇಡಿಯಾಗಿ ನಕಲು ಮಾಡಿಕೊಳ್ಳುವ ವಿಚಾರ. ಆ ಗಳಿಗೆಯಿಂದ ಅದರ ಪಾಲಕರು ನೀವು ಮೂವರೇ ಆಗುತ್ತೀರಿ. ಮುಂದೆ ಬರುವ ಭದ್ರತಾ ತಿದ್ದುಪಡಿಗಳು ನಿಮ್ಮ ನಕಲಿಗೆ ತಲುಪುವುದಿಲ್ಲ, ಮತ್ತು ತಲುಪಲಿಲ್ಲವೆಂದು ಯಾರೂ ನಿಮಗೆ ಹೇಳುವುದೂ ಇಲ್ಲ.

ತುಂಗಾತೀರ

ಸ್ಲಗಿಫೈ ಬಗ್ಗೆ ನಾನು ಬರೆಯುತ್ತೇನೆ. ಇದರ ಹಿಂದೆ ನಾನೂ ಬಹಳ ದಿನ ಅಲೆದವನು.

ಜಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಸ್ಲಗ್ ಎಂಬುದೂ ಪತ್ರಿಕಾ ಕಚೇರಿಯದೇ ಪದ. ಸುದ್ದಿಯೊಂದನ್ನು ಗುರುತಿಸಲು ಇಟ್ಟುಕೊಳ್ಳುವ ಚಿಕ್ಕ ಹೆಸರು. 2005ರಲ್ಲಿ ಜಾಂಗೋ ಹೊರಬಂದಾಗ ಸ್ಲಗಿಫೈ ಇಂಗ್ಲಿಷ್ ಶೀರ್ಷಿಕೆಗಳಿಗೆ ಮಾಡಿದ ವ್ಯವಸ್ಥೆಯಾಗಿತ್ತು. ಯುನಿಕೋಡ್ ಅನುಮತಿಯ ಆಯ್ಕೆ ಬಂದದ್ದು 1.9ರಲ್ಲಿ.

ಆ ಆಯ್ಕೆಯನ್ನು ತೆರೆದಾಗ ನಡೆಯುವುದು ಇಷ್ಟೇ: ಪಠ್ಯವನ್ನು ಯುನಿಕೋಡ್‌ನ ಒಂದು ಸಾಮಾನ್ಯ ರೂಪಕ್ಕೆ ತಂದು, ಪದಾಕ್ಷರ, ಖಾಲಿ ಜಾಗ, ಅಡ್ಡಗೆರೆ ಇವಿಷ್ಟನ್ನು ಬಿಟ್ಟು ಉಳಿದುದನ್ನೆಲ್ಲ, ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಸೂತ್ರವಾದ ಒಂದು ರೆಜೆಕ್ಸ್‌ನಿಂದ ಅಳಿಸಲಾಗುತ್ತದೆ. ಪದಾಕ್ಷರ ಯಾವುದು ಎಂದು ತೀರ್ಮಾನಿಸುವುದು ಜಾಂಗೋ ಅಲ್ಲ, ಪೈಥಾನ್‌ನ ರೆಜೆಕ್ಸ್ ಮಾಡ್ಯೂಲಿನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು. ಅದರ ಲೆಕ್ಕದಲ್ಲಿ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ ಪದಾಕ್ಷರಗಳು. ಕನ್ನಡದ ಕಾ, ಕಿ, ಕೂ ಎಂಬಲ್ಲಿನ ಸ್ವರಚಿಹ್ನೆಗಳು, ಅನುಸ್ವಾರ, ಒತ್ತಕ್ಷರಕ್ಕೆ ಬೇಕಾದ ವಿರಾಮಚಿಹ್ನೆ (ಪೂರ್ಣವಿರಾಮದಂಥದ್ದಲ್ಲ, ಹಲಂತ) ಇವೆಲ್ಲವೂ ಯುನಿಕೋಡ್‌ನಲ್ಲಿ ಅಕ್ಷರಗಳೆಂದಲ್ಲ, ಗುರುತುಗಳೆಂದು ವರ್ಗವಾಗಿವೆ. ಆದ್ದರಿಂದ ಎಲ್ಲವೂ ಕಸದ ಬುಟ್ಟಿಗೆ ಹೋಗುತ್ತವೆ. ಹಿಂದಿ, ತಮಿಳು, ತೆಲುಗುಗಳಿಗೂ ಇದೇ ಗತಿ. ಯುನಿಕೋಡ್ ಶಿಫಾರಸಿನ ಪ್ರಕಾರ ಗುರುತುಗಳೂ ಪದಾಕ್ಷರಗಳೇ ಎಂದು ತೋರಿಸಿ 2011ರಲ್ಲಿಯೇ ಪೈಥಾನ್‌ನ ದೋಷಪಟ್ಟಿಗೆ ದೂರು ಹೋಗಿದೆ, ಸಂಖ್ಯೆ 12731. ವಿಚಿತ್ರವೆಂದರೆ ಇದೇ ಪೈಥಾನ್ 3ರಲ್ಲಿ "ಕನ್ನಡ" ಎಂಬ ಹೆಸರಿನ ವೇರಿಯೇಬಲ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಭಾಷೆಯ ವ್ಯಾಕರಣ ಒಪ್ಪಿಕೊಂಡ ಒತ್ತಕ್ಷರವನ್ನು ಅದರದೇ ರೆಜೆಕ್ಸ್ ಒಪ್ಪುವುದಿಲ್ಲ.

ಸ್ಲಗಿಫೈ ಒಂದನ್ನೇ ತಿದ್ದಿ ಸುಮ್ಮನಾದರೆ ಕೆಲಸ ಕೆಡುತ್ತದೆ ಎಂಬುದನ್ನು ಮುಖ್ಯವಾಗಿ ಗಮನಿಸಿ. ಇದೇ ನಿಯಮವು ಮೂರು ಬೇರೆ ಬೇರೆ ಜಾಗಗಳಲ್ಲಿ ಕುಳಿತಿದೆ. ಸ್ಲಗ್ ಫೀಲ್ಡ್‌ನ ಯುನಿಕೋಡ್ ವ್ಯಾಲಿಡೇಟರ್, ಅಂದರೆ ಉಳಿಸುವ ಮೊದಲು ಸ್ಲಗ್ಗನ್ನು ತಪಾಸಣೆ ಮಾಡುವ ಭಾಗ, ಕೂಡ ಅದೇ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯುವನ್ನು ಬಳಸುವುದರಿಂದ, ನೀವು ಸರಿಯಾಗಿ ತಯಾರಿಸಿದ "ಕನ್ನಡ" ಎಂಬ ಸ್ಲಗ್ಗನ್ನು ಅದು ತಪ್ಪೆಂದು ತಳ್ಳಿಹಾಕುತ್ತದೆ. ಅಡ್ಮಿನ್ ಪುಟದಲ್ಲಿ ಶೀರ್ಷಿಕೆ ಟೈಪಿಸುತ್ತಿದ್ದಂತೆ ಸ್ಲಗ್ಗನ್ನು ತುಂಬುವ ಜಾವಾಸ್ಕ್ರಿಪ್ಟ್ ಇದೆಯಲ್ಲ, ಅದಕ್ಕೆ ತನ್ನದೇ ಒಂದು ನಿಯಮವಿದೆ; ಅದೂ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಇನ್ನು ಯುಆರ್‌ಎಲ್ ಮಾರ್ಗದಲ್ಲಿ ಬರೆಯುವ ಸ್ಲಗ್ ಎಂಬ ಕನ್ವರ್ಟರ್ ಇಂಗ್ಲಿಷ್ ಅಕ್ಷರಗಳ ಆಚೆಗೆ ನೋಡುವುದೇ ಇಲ್ಲ.

ಹೊಸಬ

ನನ್ನದು ಸಣ್ಣ ಪ್ರಶ್ನೆ. ಸೈಟು ಏಳುವಾಗಲೇ ಸ್ಲಗಿಫೈ ಹೆಸರಿಗೆ ನಮ್ಮ ಫಂಕ್ಷನ್ನನ್ನು ಕಟ್ಟಿಬಿಟ್ಟರೆ, ಅಂದರೆ ಮಂಕಿಪ್ಯಾಚ್ ಮಾಡಿದರೆ, ಇಷ್ಟೆಲ್ಲ ತಾಪತ್ರಯ ತಪ್ಪುವುದಿಲ್ಲವೇ?

ಹಳೇಬೇರು

ತಪ್ಪುವುದಿಲ್ಲ. ನೀವು ಬದಲಾಯಿಸುವುದು ಒಂದು ಮಾಡ್ಯೂಲಿನೊಳಗಿನ ಹೆಸರನ್ನು. ನಿಮಗಿಂತ ಮೊದಲೇ ಆ ಫಂಕ್ಷನ್ನನ್ನು ಆಮದು ಮಾಡಿಕೊಂಡವರ ಕೈಯಲ್ಲಿ ಹಳೆಯದೇ ಉಳಿದಿರುತ್ತದೆ. ಜಾಂಗೋದ ಟೆಂಪ್ಲೇಟ್ ಫಿಲ್ಟರುಗಳ ಕಡತವು ಸ್ಲಗಿಫೈಯನ್ನು ಬೇರೊಂದು ಹೆಸರಿನಲ್ಲಿ ತಂದಿಟ್ಟುಕೊಂಡಿದೆ, ಮೇಲಾಗಿ ಯುನಿಕೋಡ್ ಆಯ್ಕೆಯನ್ನು ಕೊಡದೆಯೇ ಅದನ್ನು ಕರೆಯುತ್ತದೆ. ಆಗ ಆಮದಿನ ಕ್ರಮ ಬದಲಾದಂತೆ ಒಂದು ಪುಟದಲ್ಲಿ ಒಂದು ಕೊಂಡಿ, ಇನ್ನೊಂದು ಪುಟದಲ್ಲಿ ಇನ್ನೊಂದು ಕೊಂಡಿ ಬರುತ್ತದೆ. ಇಂತಹ ದೋಷವನ್ನು ಹುಡುಕುವುದು ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ವೇಗದೂತ

ಕಡತಗಾರ ಅವರು ಹೇಳಿದ ಸಹೋದ್ಯೋಗಿ ನಾನೇ. ನಕಲು ಮಾಡಿಕೊಳ್ಳುವುದರ ಅಪಾಯವನ್ನು ಒಪ್ಪುತ್ತೇನೆ. ಆದರೆ ನನ್ನ ಮೂಲ ಕಾಳಜಿ ವೇಗದ್ದು. ಸ್ಲಗಿಫೈ ಪ್ರತಿ ಸಲ ಸಾಮಾನ್ಯೀಕರಣ ಮಾಡುತ್ತದೆ, ಎರಡು ಸಲ ರೆಜೆಕ್ಸ್ ಓಡಿಸುತ್ತದೆ. ಅಕ್ಷರಗಳ ಕೋಷ್ಟಕವೊಂದನ್ನು ಮೊದಲೇ ಕಟ್ಟಿಟ್ಟುಕೊಂಡು ಒಂದೇ ಹಾಯುವಿಕೆಯಲ್ಲಿ ಮುಗಿಸಬಹುದು. ಹಾಗೆಯೇ ಎಚ್‌ಟಿಎಂಎಲ್‌ನ ವಿಶೇಷ ಚಿಹ್ನೆಗಳನ್ನು ನಿರಪಾಯಗೊಳಿಸುವ ಎಸ್ಕೇಪ್, ಪಠ್ಯವನ್ನು ಕತ್ತರಿಸುವ ಟ್ರಂಕೇಟರ್, ಟ್ಯಾಗುಗಳನ್ನು ತೆಗೆದುಹಾಕುವ ಸ್ಟ್ರಿಪ್ ಟ್ಯಾಗ್ಸ್ ಇವುಗಳನ್ನೂ ನಮ್ಮ ಅಗತ್ಯಕ್ಕೆ ತಕ್ಕಂತೆ ಚಿಕ್ಕದಾಗಿ ಬರೆದುಕೊಳ್ಳಬಹುದು. ಎಲ್ಲರ ಅಗತ್ಯಕ್ಕೂ ಬರೆದ ಕೋಡು ಯಾರ ಅಗತ್ಯಕ್ಕೂ ಅತಿ ವೇಗವಾಗಿರಲಾರದು ಎಂಬುದು ನನ್ನ ನಂಬಿಕೆ.

ಪರೀಕ್ಷಕಿ

ವೇಗದೂತ ಅವರೇ, ನಿಮ್ಮ ನಂಬಿಕೆಯಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಯಾವ ಫಂಕ್ಷನ್ ಎಷ್ಟು ಸಲ ಓಡುತ್ತದೆ ಎಂಬುದನ್ನು ಎಣಿಸದೆ ಹೊರಟಿದ್ದೀರಿ. ಸ್ಲಗಿಫೈ ನಿಮ್ಮ ಪತ್ರಿಕೆಯಲ್ಲಿ ಓಡುವುದು ಒಂದು ಲೇಖನವನ್ನು ಮೊದಲ ಬಾರಿ ಉಳಿಸುವಾಗ, ಒಂದು ಸಲ. ಅದನ್ನು ಹತ್ತು ಪಟ್ಟು ವೇಗಗೊಳಿಸಿದರೂ ಓದುಗರಿಗೆ ಕಾಣುವಂಥದ್ದೇನೂ ಬದಲಾಗುವುದಿಲ್ಲ. ಎಸ್ಕೇಪ್ ಹಾಗಲ್ಲ, ಟೆಂಪ್ಲೇಟಿನಲ್ಲಿ ಬರೆದ ಪ್ರತಿಯೊಂದು ವೇರಿಯೇಬಲ್ಲೂ ಪುಟ ತೆರೆದಾಗಲೆಲ್ಲ ಅದರ ಬಾಗಿಲನ್ನು ದಾಟಬೇಕು. ಕೈಹಾಕುವುದಾದರೆ ಅಲ್ಲಿ ಹಾಕಬೇಕು, ಮತ್ತು ಅಲ್ಲಿ ಈಗಾಗಲೇ ಕೈಹಾಕಿದ್ದಾರೆ.

3.0ಕ್ಕಿಂತ ಮೊದಲು ಜಾಂಗೋದ ಎಸ್ಕೇಪ್ ನೀವು ಹೇಳುವ ಕೋಷ್ಟಕದ ವಿಧಾನದಲ್ಲಿಯೇ ಇತ್ತು. ಒಂದೊಂದು ಅಕ್ಷರವನ್ನೂ ಕೋಷ್ಟಕದಲ್ಲಿ ನೋಡುತ್ತಾ ಹೋಗುವ ಆ ವಿಧಾನವನ್ನು ಬಿಟ್ಟು, 3.0ರಲ್ಲಿ ಪೈಥಾನ್‌ನ ಎಚ್‌ಟಿಎಂಎಲ್ ಮಾಡ್ಯೂಲಿನಲ್ಲಿರುವ ಎಸ್ಕೇಪ್‌ಗೇ ಕೆಲಸವನ್ನು ಒಪ್ಪಿಸಿದರು. ಅದು ಮಾಡುವುದು ಐದು ಸಲ ಬದಲಿ ಹಾಕುವ ಕೆಲಸ, ಆಂಪರ್ಸಂಡ್ ಚಿಹ್ನೆ ಮೊದಲು, ಉಳಿದ ನಾಲ್ಕು ಆಮೇಲೆ. ಆ ಕ್ರಮ ತಪ್ಪಿದರೆ ಈಗಷ್ಟೇ ಹಾಕಿದ ಬದಲಿಯೇ ಮತ್ತೆ ಬದಲಾಗುತ್ತದೆ. ಕನ್ನಡದ ಒಂದು ಪ್ಯಾರಾದಲ್ಲಿ ಆ ಐದು ಚಿಹ್ನೆಗಳು ಬರುವುದೇ ಅಪರೂಪ. ಹುಡುಕಿದ ಚಿಹ್ನೆ ಇಲ್ಲದಿದ್ದರೆ ಬದಲಿ ಹಾಕುವ ವಿಧಾನವು ಸಿ ಭಾಷೆಯ ಮಟ್ಟದಲ್ಲಿ ಸರಕ್ಕನೆ ಹುಡುಕಿ, ಮೂಲ ಪಠ್ಯವನ್ನೇ ಹಿಂದಿರುಗಿಸುತ್ತದೆ. ಕೋಷ್ಟಕ ಇಲ್ಲಿ ನಿಧಾನದ ದಾರಿ. ಐದು ಹಾಯುವಿಕೆಗಿಂತ ಒಂದು ಹಾಯುವಿಕೆ ಬೇಗ ಮುಗಿಯಲೇಬೇಕು ಎಂಬುದು ಕಾಗದದ ಮೇಲಿನ ಲೆಕ್ಕ.

ಆ ಬದಲಾವಣೆಗೂ ಬೆಲೆ ತೆರಬೇಕಾಯಿತು. ಒಂಟಿ ಉದ್ಧರಣ ಚಿಹ್ನೆಯನ್ನು ಹಳೆಯದು 39 ಎಂಬ ದಶಮಾನ ಸಂಖ್ಯೆಯಿಂದ ಸೂಚಿಸುತ್ತಿತ್ತು, ಹೊಸದು ಅದನ್ನೇ ಹದಿನಾರರ ಮಾನದ 27 ಎಂದು ಬರೆಯುತ್ತದೆ. ಬ್ರೌಸರಿಗೆ ಎರಡೂ ಒಂದೇ. ಆದರೆ ಎಚ್‌ಟಿಎಂಎಲ್ ಪಠ್ಯವನ್ನು ಅಕ್ಷರಕ್ಕಕ್ಷರ ಹೋಲಿಸುತ್ತಿದ್ದ ನಮ್ಮ ಪರೀಕ್ಷೆಗಳು ಒಂದೇ ರಾತ್ರಿಯಲ್ಲಿ ಸಾಲುಸಾಲಾಗಿ ಕೆಂಪಾದವು. ಪರೀಕ್ಷೆ ಬರೆದ ನಾನೇ ಬೈಸಿಕೊಂಡೆ, ನ್ಯಾಯವಾಗಿಯೇ.

ಈಗ ಟ್ರಂಕೇಟರ್‌ಗೆ ಬರೋಣ. ಎಚ್‌ಟಿಎಂಎಲ್ ಇರುವ ಪಠ್ಯವನ್ನು ಇಷ್ಟು ಪದಗಳಿಗೆ ಕತ್ತರಿಸಿ ಕೊಡುವ ಈ ಸಾಧು ಫಂಕ್ಷನ್ನಿನ ಮೇಲೆ 2019ರ ಆಗಸ್ಟಿನಲ್ಲಿ ಸಿವಿಇ-2019-14232 ಎಂಬ ಭದ್ರತಾ ಪ್ರಕಟಣೆ ಬಂತು. ಅದರೊಳಗಿನ ರೆಜೆಕ್ಸ್‌ಗೆ ಬೇಕೆಂದೇ ವಕ್ರವಾಗಿ ರಚಿಸಿದ ಪಠ್ಯವನ್ನು ಕೊಟ್ಟರೆ ಅದು ಹಿಂದೆ ಮುಂದೆ ಓಡುತ್ತಾ ಸರ್ವರನ್ನು ಹಿಡಿದು ಕೂರಿಸುತ್ತಿತ್ತು. ತಿದ್ದಿದರು. 2023ರ ಅಕ್ಟೋಬರಿನಲ್ಲಿ ಆ ತಿದ್ದುಪಡಿ ಸಾಲದೆಂದು ತಿಳಿದು ಸಿವಿಇ-2023-43665 ಬಂತು. ಆಗ ಎಚ್‌ಟಿಎಂಎಲ್ ವಿಧಾನದಲ್ಲಿ ಮೊದಲ 50 ಲಕ್ಷ ಅಕ್ಷರಗಳ ಆಚೆಗೆ ನೋಡಬಾರದೆಂದು ಮಿತಿ ಹಾಕಿದರು. 2024ರ ಮಾರ್ಚಿನಲ್ಲಿ ಮೂರನೆಯದು, ಸಿವಿಇ-2024-27351. ಐದು ವರ್ಷದೊಳಗೆ ಒಂದೇ ಫಂಕ್ಷನ್ನಿನ ಮೇಲೆ ಮೂರು ಪ್ರಕಟಣೆಗಳು. ಕೊನೆಗೆ ರೆಜೆಕ್ಸ್‌ನ ಸಹವಾಸವನ್ನೇ ಬಿಟ್ಟು ಪೈಥಾನ್‌ನ ಎಚ್‌ಟಿಎಂಎಲ್ ಪಾರ್ಸರಿನ ಮೇಲೆ ಅದನ್ನು ಹೊಸದಾಗಿ ಬರೆದರು. ಸ್ಟ್ರಿಪ್ ಟ್ಯಾಗ್ಸ್‌ನ ಕಥೆಯೂ ಇದರ ಅಣ್ಣತಮ್ಮನೇ. 2024ರ ಡಿಸೆಂಬರಿನ ತಿದ್ದುಪಡಿಯ ನಂತರ ಅದು 50 ಸುತ್ತುಗಳ ಮೇಲೆ ಹೋಗುವುದಿಲ್ಲ, ಅಷ್ಟರಲ್ಲಿ ಮುಗಿಯದಿದ್ದರೆ ಇದು ಅನುಮಾನಾಸ್ಪದ ಎಂದು ದೋಷ ಎಸೆಯುತ್ತದೆ.

ಇವನ್ನು "ನಮ್ಮ ಅಗತ್ಯಕ್ಕೆ ತಕ್ಕಂತೆ ಚಿಕ್ಕದಾಗಿ" ಬರೆದುಕೊಂಡಿದ್ದರೆ ಈ ಪ್ರಕಟಣೆಗಳನ್ನು ಓದಿ, ನಮ್ಮ ನಕಲಿಗೂ ಇದು ಅನ್ವಯಿಸುತ್ತದೆಯೇ ಎಂದು ಪ್ರತಿ ಸಲ ಕುಳಿತು ನೋಡುವವರು ಯಾರು? ನಿಮ್ಮಲ್ಲಿ ಮೂರು ಜನ ಇದ್ದೀರಿ, ಮತ್ತು ಆ ಮೂವರಿಗೂ ಪತ್ರಿಕೆ ಹೊರತರುವ ಕೆಲಸ ಬೇರೆ ಇದೆ.

ವೇಗದೂತ

ಒಪ್ಪಿದೆ, ಎಣಿಸದೆ ಮಾತಾಡಿದೆ. ಹಾಗಿದ್ದರೆ ಇನ್ನೊಂದು ಪ್ರಶ್ನೆ: ಎಲ್ಲವನ್ನೂ ಪೈಥಾನ್‌ನ ಪ್ರಮಾಣಿತ ಲೈಬ್ರರಿಗೆ ಒಪ್ಪಿಸುವುದೇ ಸರಿಯಾದರೆ, ಕ್ಯಾಶ್ಡ್ ಪ್ರಾಪರ್ಟಿ ಎಂಬುದನ್ನು ಜಾಂಗೋ ಇಂದಿಗೂ ಯಾಕೆ ತನ್ನದೇ ಇಟ್ಟುಕೊಂಡಿದೆ? ಪೈಥಾನ್ 3.8ರಲ್ಲಿಯೇ ಫಂಕ್‌ಟೂಲ್ಸ್‌ಗೆ ಅದೇ ಹೆಸರಿನದು ಬಂದಿತ್ತಲ್ಲ.

ಪರೀಕ್ಷಕಿ

ಒಳ್ಳೆಯ ಪ್ರಶ್ನೆ. ಜಾಂಗೋದ್ದು ಬಹಳ ಹಗುರ: ಮೊದಲ ಸಲ ಕರೆದಾಗ ಲೆಕ್ಕ ಹಾಕಿ ಉತ್ತರವನ್ನು ಆ ವಸ್ತುವಿನ ಸ್ವಂತ ನಿಘಂಟಿನಲ್ಲಿ ಅದೇ ಹೆಸರಿನಲ್ಲಿ ಇಟ್ಟುಬಿಡುತ್ತದೆ. ಎರಡನೆಯ ಸಲದಿಂದ ಪೈಥಾನ್ ನೇರವಾಗಿ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ, ಕ್ಯಾಶ್ಡ್ ಪ್ರಾಪರ್ಟಿಯ ಕೋಡು ಓಡುವುದೇ ಇಲ್ಲ. 3.8ರ ಫಂಕ್‌ಟೂಲ್ಸ್ ರೂಪವು ಇದಕ್ಕೆ ಒಂದು ಬೀಗವನ್ನು ಸೇರಿಸಿತು, ಮತ್ತು ಆ ಬೀಗ ವಸ್ತುವಿಗೊಂದರಂತೆ ಅಲ್ಲ, ಪ್ರಾಪರ್ಟಿಗೊಂದರಂತೆ. ಒಂದು ಥ್ರೆಡ್ ಒಂದು ವಸ್ತುವಿನ ಲೆಕ್ಕ ಹಾಕುತ್ತಿದ್ದರೆ ಅದೇ ವರ್ಗದ ಬೇರೆ ವಸ್ತುಗಳಿಗಾಗಿ ಬಂದ ಥ್ರೆಡ್‌ಗಳೂ ಸಾಲಿನಲ್ಲಿ ನಿಲ್ಲಬೇಕಿತ್ತು. ತಪ್ಪೆಂದು ಒಪ್ಪಿಕೊಂಡು 3.12ರಲ್ಲಿ ಆ ಬೀಗವನ್ನು ತೆಗೆದರು. ಪ್ರಮಾಣಿತ ಲೈಬ್ರರಿಗೆ ಒಪ್ಪಿಸುವುದೂ ಅಳೆದು ನೋಡಿ ಮಾಡಬೇಕಾದ ಕೆಲಸ. ಜಾಂಗೋ ತನ್ನ ಬದಲಾವಣೆಗಳನ್ನು ಅಳೆಯಲು ಎಎಸ್‌ವಿ ಎಂಬ ಸಲಕರಣೆಯ ಮೇಲೆ ಕಟ್ಟಿದ ಪ್ರತ್ಯೇಕ ಬೆಂಚ್‌ಮಾರ್ಕ್ ಭಂಡಾರವನ್ನೇ ಇಟ್ಟುಕೊಂಡಿದೆ.

ಒಪ್ಪಿಸಿ ಗೆದ್ದದ್ದಕ್ಕೆ ನಮಗೆ ಹತ್ತಿರದ ಉದಾಹರಣೆ ಕಾಲವಲಯಗಳದು. ಪೈಟ್ಸ್ ಎಂಬ ಹೊರಗಿನ ಪ್ಯಾಕೇಜನ್ನು ಬಳಸುತ್ತಿದ್ದ ಕಾಲದಲ್ಲಿ ಏಷ್ಯಾ/ಕೋಲ್ಕತಾ ವಲಯವನ್ನು ದಿನಾಂಕದ ವಸ್ತುವಿಗೆ ನೇರವಾಗಿ ಕೊಟ್ಟವರಿಗೆ 5 ಗಂಟೆ 30 ನಿಮಿಷದ ಬದಲು 5 ಗಂಟೆ 53 ನಿಮಿಷದ ಅಂತರ ಸಿಗುತ್ತಿತ್ತು. ಅದು ಬ್ರಿಟಿಷರ ಕಾಲದ ಕಲ್ಕತ್ತದ ಸ್ಥಳೀಯ ಸಮಯ. ಪೈಟ್ಸ್ ತನ್ನ ಪಟ್ಟಿಯ ಮೊದಲ ಸಾಲನ್ನೇ ಎತ್ತಿಕೊಡುತ್ತಿತ್ತು. 23 ನಿಮಿಷ ಮುಂಚೆಯೇ ಪ್ರಕಟವಾದ ಲೇಖನಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಪೈಥಾನ್ 3.9ರಲ್ಲಿ ಜೋನ್‌ಇನ್ಫೋ ಬಂದ ಮೇಲೆ ಜಾಂಗೋ 4.0ರಲ್ಲಿ ಅದನ್ನೇ ಮೊದಲ ಆಯ್ಕೆಯಾಗಿಸಿ, 5.0ರಲ್ಲಿ ಪೈಟ್ಸ್ ಬೆಂಬಲವನ್ನು ಪೂರ್ತಿ ತೆಗೆದುಹಾಕಿತು.

ತುಂಗಾತೀರ

ಆದರೆ ಪರೀಕ್ಷಕಿ ಮೇಡಂ, ನಮ್ಮ ಲಿಪಿಯ ವಿಷಯಕ್ಕೆ ಬಂದರೆ ಆ ದಾರಿ ಕೈಕೊಡುತ್ತದೆ. ಸ್ಲಗಿಫೈ ಕೆಟ್ಟಿರುವುದೇ ಪ್ರಮಾಣಿತ ಲೈಬ್ರರಿಯ ತೀರ್ಮಾನವನ್ನು ನಂಬಿದ್ದರಿಂದ.

ಟ್ರಂಕೇಟರ್‌ನಲ್ಲಿಯೂ ಇಂಥದೇ ಒಂದು ತೊಡಕಿದೆ, ಭದ್ರತೆಗೆ ಸಂಬಂಧವಿಲ್ಲದ್ದು. ಅಕ್ಷರಗಳನ್ನು ಎಣಿಸಿ ಕತ್ತರಿಸುವಾಗ ಅದು ಜೋಡಣಾ ಚಿಹ್ನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವುದು ಜೋಡಣಾ ಚಿಹ್ನೆ ಎಂದು ಕೇಳುವುದು ಯುನಿಕೋಡ್‌ನ ಜೋಡಣಾ ವರ್ಗದ ಸಂಖ್ಯೆಯನ್ನು. ಕನ್ನಡದ ವಿರಾಮಚಿಹ್ನೆಗೆ ಆ ಸಂಖ್ಯೆ 9, ಸ್ವರಚಿಹ್ನೆಗಳಿಗೆ ಸೊನ್ನೆ. ಹೀಗಾಗಿ ವಿರಾಮ ಲೆಕ್ಕಕ್ಕಿಲ್ಲ, ಸ್ವರಚಿಹ್ನೆ ಒಂದೊಂದೂ ಒಂದೊಂದು ಅಕ್ಷರ. ನಾವು ಬೆಂ, ಗ, ಳೂ, ರು ಎಂದು ನಾಲ್ಕಾಗಿ ಓದುವ "ಬೆಂಗಳೂರು" ಅದಕ್ಕೆ 8. ಕತ್ತರಿ ಬೀಳುವ ಜಾಗ ಸ್ವರಚಿಹ್ನೆಯ ಮುಂದೆ ಬಂದರೆ "ಬೆಂಗಳ" ಎಂದು ನಿಲ್ಲುತ್ತದೆ. "ಕನ್ನಡ"ವನ್ನು ಮೂರಕ್ಕೆ ಇಳಿಸಿದರೆ "ಕನ್…" ಎಂದು ಅರ್ಧಾಕ್ಷರದಲ್ಲಿ ಬಾಯಿ ತೆರೆದು ನಿಲ್ಲುತ್ತದೆ.

ರೆಜೆಕ್ಸ್ ಎಂಬ ಹೆಸರಿನದೇ ಹೊರಗಿನ ಪ್ಯಾಕೇಜಿನಲ್ಲಿ ಅಕ್ಷರಗುಚ್ಛಗಳನ್ನು ಗುರುತಿಸುವ ಸೌಲಭ್ಯವಿದೆ. ಅದರಿಂದ ಸ್ವರಚಿಹ್ನೆಗಳ ಕಾಟ ನಿಲ್ಲುತ್ತದೆ, ಒತ್ತಕ್ಷರದ್ದು ನಿಲ್ಲುವುದಿಲ್ಲ. ಯುನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮ ಬಂದಾಗ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಗಲಿಲ್ಲ ಎಂದು ಹೊಟ್ಟೆಕಿಚ್ಚು ಪಡುವುದಕ್ಕಿಂತ, ಶೀರ್ಷಿಕೆಗಳನ್ನು ಅಕ್ಷರ ಎಣಿಸಿ ಕತ್ತರಿಸುವುದನ್ನು ಬಿಟ್ಟು ಪದ ಎಣಿಸಿ ಕತ್ತರಿಸುವ ಫಿಲ್ಟರನ್ನು ಬಳಸಿ. ಒಂದು ಸಾಲಿನ ಕೋಡನ್ನೂ ಬರೆಯದೆ ತೊಂದರೆ ಮುಗಿಯುತ್ತದೆ.

ಸ್ಲಗಿಫೈಗೆ ಮಾತ್ರ ಕೋಡು ಬೇಕೇ ಬೇಕು. ನಾನು ಮಾಡಿಕೊಂಡಿರುವುದು ಇಷ್ಟು: ನಮ್ಮದೇ ಸಣ್ಣ ಮಾಡ್ಯೂಲಿನಲ್ಲಿ ಒಂದು ಫಂಕ್ಷನ್, ಅದರ ರೆಜೆಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯುವಿನ ಜೊತೆಗೆ 128 ಸ್ಥಾನಗಳ ಕನ್ನಡ ಬ್ಲಾಕನ್ನೂ ಸೇರಿಸಿದ್ದೇನೆ, ಅದೇ ರೆಜೆಕ್ಸ್ ಬಳಸುವ ಒಂದು ವ್ಯಾಲಿಡೇಟರ್, ಒಂದು ಯುಆರ್‌ಎಲ್ ಕನ್ವರ್ಟರ್. ಸ್ಲಗ್ ಫೀಲ್ಡ್ ಬದಲಿಗೆ ಸಾಮಾನ್ಯ ಪಠ್ಯದ ಫೀಲ್ಡ್. ಅಡ್ಮಿನ್‌ನಲ್ಲಿ ತಾನಾಗಿ ತುಂಬುವ ವ್ಯವಸ್ಥೆಯನ್ನು ತೆಗೆದುಹಾಕಿ, ಉಳಿಸುವಾಗ ಸರ್ವರೇ ಸ್ಲಗ್ ತಯಾರಿಸುವಂತೆ ಮಾಡಿದ್ದೇನೆ. ಎಲ್ಲ ಸೇರಿ ಒಂದು ಪರದೆಯಲ್ಲಿ ಕಾಣುವಷ್ಟು ಕೋಡು.

ಹೊಸಬ

"ಸಾಫ್ಟ್‌ವೇರ್" ಎಂದು ಬರೆಯುವಾಗ ಟ್ ಮತ್ತು ವೇ ಅಂಟಿಕೊಳ್ಳದಿರಲು ನಡುವೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದರ ಗತಿ ಏನು?

ತುಂಗಾತೀರ

ಅದು ಕನ್ನಡ ಬ್ಲಾಕಿನ ಹೊರಗಿದೆ, ಆದ್ದರಿಂದ ಅಳಿಸಿಹೋಗುತ್ತದೆ. ಕೊಂಡಿಯಲ್ಲಿ ಟಕಾರಕ್ಕೆ ವಕಾರದ ಒತ್ತು ಬಿದ್ದು ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೂ ಅಳಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಕೆಲವರು ಅದನ್ನು ಹಾಕಿ ಬರೆಯುತ್ತಾರೆ, ಕೆಲವರು ಹಾಕುವುದಿಲ್ಲ. ಉಳಿಸಿಕೊಂಡರೆ ಒಂದೇ ಪದಕ್ಕೆ ಎರಡು ಬೇರೆ ಬೇರೆ ಕೊಂಡಿಗಳು ಹುಟ್ಟಿಕೊಳ್ಳಬಹುದು. ಸಾಮಾನ್ಯೀಕರಣದ ಹಂತವನ್ನೂ ಇದೇ ಕಾರಣಕ್ಕೆ ಬಿಡಬಾರದು. "ಕೋ" ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ತುಣುಕುಗಳಾಗಿಯೂ ಟೈಪಿಸಲು ಸಾಧ್ಯ.

ಉದ್ದದ ಮಿತಿಯನ್ನೂ ನೋಡಿಕೊಳ್ಳಿ. ಸ್ಲಗ್ ಫೀಲ್ಡ್‌ನ ಪೂರ್ವನಿಯೋಜಿತ ಮಿತಿ 50. "ವಿಶ್ವವಿದ್ಯಾಲಯ" ಎಂಬ ಆರು ಅಕ್ಷರದ ಪದಕ್ಕೇ 13 ಸಂಕೇತಗಳು ಬೇಕು. ಮಿತಿ ಮೀರಿದಾಗ ಕತ್ತರಿಸುವುದಾದರೆ ಅಡ್ಡಗೆರೆಯ ಬಳಿಯೇ ಕತ್ತರಿಸಿ.

ಹಳೇಬೇರು

ಇಷ್ಟು ಸ್ಪಷ್ಟವಾದ ದೋಷವನ್ನು ಮೂಲ ಜಾಂಗೋದಲ್ಲಿಯೇ ಯಾಕೆ ತಿದ್ದಬಾರದು ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಸ್ಲಗಿಫೈ ದಸ್ತಾವೇಜಿನಲ್ಲಿರುವ ಸ್ಥಿರ ಫಂಕ್ಷನ್. ಅದರ ಉತ್ತರ ಒಂದು ಚಿಹ್ನೆಯಷ್ಟು ಬದಲಾದರೂ, ಪ್ರತಿ ಸಲ ಶೀರ್ಷಿಕೆಯಿಂದಲೇ ಸ್ಲಗ್ಗನ್ನು ಲೆಕ್ಕ ಹಾಕುವ ಸೈಟುಗಳಲ್ಲಿ ಹಳೆಯ ಕೊಂಡಿಗಳು ರಾತ್ರೋರಾತ್ರಿ ಸಾಯುತ್ತವೆ. ಭಾರತದ ಭಾಷೆಗಳಲ್ಲಿ ಈಗಿರುವ ಕೆಟ್ಟ ಕೊಂಡಿಗಳೂ ಕೊಂಡಿಗಳೇ ತಾನೇ. ಯಾರೂ ಬಳಸಲಿಕ್ಕಿಲ್ಲ ಎನ್ನಿಸುವ, ದಸ್ತಾವೇಜಿನಲ್ಲಿ ಇಲ್ಲದ ಈಸ್ ಇಟರಬಲ್ ಎಂಬ ಪುಟ್ಟ ಫಂಕ್ಷನ್ನಿಗೂ 5.1ರಲ್ಲಿ ಎಚ್ಚರಿಕೆ ಹಾಕಿ 6.0ರವರೆಗೆ ಕಾದವರು ಅವರು. ಹೊಸ ಆಯ್ಕೆಯೊಂದನ್ನು ಸೇರಿಸಿ ಎಂದು ಕೇಳಬಹುದು, ಕೇಳಲೂಬೇಕು. ಆದರೆ ಕೇಳುವವರು ವ್ಯಾಲಿಡೇಟರ್ ಮತ್ತು ಜಾವಾಸ್ಕ್ರಿಪ್ಟ್ ಎರಡಕ್ಕೂ ಉತ್ತರವನ್ನು ಜೊತೆಗೇ ಒಯ್ಯಬೇಕು, ಕನ್ನಡಕ್ಕೆ ಮಾತ್ರವಲ್ಲದೆ ಗುರುತುಗಳಿರುವ ಎಲ್ಲ ಲಿಪಿಗಳಿಗೂ ಪರೀಕ್ಷೆಗಳನ್ನು ಬರೆದು ಕೊಡಬೇಕು. ಅಲ್ಲಿಯವರೆಗೆ ತುಂಗಾತೀರ ಅವರ ಒಂದು ಪರದೆಯ ಕೋಡೇ ದಾರಿ. ಅದಕ್ಕೆ ಸ್ಲಗಿಫೈ ಎಂಬ ಹೆಸರನ್ನು ಮಾತ್ರ ಇಡಬೇಡಿ. ಆರು ತಿಂಗಳ ನಂತರ ಯಾವ ಕಡತದಲ್ಲಿ ಯಾವುದು ಓಡುತ್ತಿದೆ ಎಂದು ನಿಮಗೇ ಗೊತ್ತಾಗುವುದಿಲ್ಲ.

ಕಡತಗಾರ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರದ ನಂತರ ಬರೆಯುತ್ತಿದ್ದೇನೆ. ನಕಲು ಮಾಡುವ ಯೋಚನೆಯನ್ನು ಕೈಬಿಟ್ಟೆವು. 3.2ರಲ್ಲಿ ನಿಂತು, ಎಚ್ಚರಿಕೆಗಳನ್ನು ದೋಷವಾಗಿಸಿ, ಆಮದುಗಳನ್ನೆಲ್ಲ ತಿದ್ದಿ 4.2ಕ್ಕೆ ಬಂದಿದ್ದೇವೆ. ನಮ್ಮ ಫಂಕ್ಷನ್ನಿನ ಹೆಸರು ಕೊಂಡಿಪಠ್ಯ. ವೇಗದೂತ ಅವರು ಪ್ರೊಫೈಲರ್ ಓಡಿಸಿ ನೋಡಿದಾಗ ಮುಖಪುಟದ ಸಮಯವನ್ನು ತಿನ್ನುತ್ತಿದ್ದದ್ದು ಯುಟಿಲ್ಸ್‌ನ ಯಾವ ಫಂಕ್ಷನ್ನೂ ಅಲ್ಲ, ಲೇಖಕರ ಹೆಸರಿಗಾಗಿ ಪ್ರತಿ ಲೇಖನಕ್ಕೊಂದರಂತೆ ನಾವೇ ಕಳುಹಿಸುತ್ತಿದ್ದ ಡೇಟಾಬೇಸ್ ಪ್ರಶ್ನೆಗಳು ಎಂದು ಗೊತ್ತಾಯಿತು. ಅವರು ಅದನ್ನು ಇಲ್ಲಿ ಬರೆಯುವುದು ಬೇಡವೆಂದರು, ನಾನು ಬರೆದಿದ್ದೇನೆ.

ಹಳೆಯ ಕೊಂಡಿಗಳನ್ನು ಹೊಸದಕ್ಕೆ ತಿರುಗಿಸುವಾಗ ಒಂದು ತೊಡಕು ಬಂತು. ಮುಂದೆ ಇದೇ ಕೆಲಸ ಮಾಡುವವರಿಗಾಗಿ ಹೇಳುತ್ತೇನೆ. ಮೊದಲು ಜಾಂಗೋದ ಜೊತೆಗೇ ಬರುವ ರಿಡೈರೆಕ್ಟ್ಸ್ ಆ್ಯಪನ್ನು ಬಳಸಿದೆವು. ಅದು ಹಳೆಯ ವಿಳಾಸವನ್ನು ಹುಡುಕುವುದು ಶೇಕಡಾ ಚಿಹ್ನೆಗಳಿಂದ ಸಂಕೇತಿಸಿದ ರೂಪದಲ್ಲಿ. ಕನ್ನಡದ ಪ್ರತಿ ಸಂಕೇತಕ್ಕೂ ಆ ರೂಪದಲ್ಲಿ 9 ಅಕ್ಷರ, ಆ ಕೋಷ್ಟಕದ ಅಂಕಣದ ಮಿತಿಯೋ 200. ಇಪ್ಪತ್ತೆರಡು ಸಂಕೇತ ದಾಟಿದ ಯಾವ ಶೀರ್ಷಿಕೆಯೂ ಹಿಡಿಸಲಿಲ್ಲ. ಹಾಗಾಗಿ ಹಳೆಯ ಸ್ಲಗ್ ಮತ್ತು ಲೇಖನದ ಕ್ರಮಸಂಖ್ಯೆ ಎಂಬ ಎರಡೇ ಅಂಕಣಗಳ ನಮ್ಮದೇ ಕೋಷ್ಟಕ ಮಾಡಿ, ಅಲ್ಲಿಂದ 301, ಅಂದರೆ ಹೊಸ ವಿಳಾಸಕ್ಕೆ ಕಾಯಂ ತಿರುವು, ಕೊಡುತ್ತಿದ್ದೇವೆ.

ಆ ಕೋಷ್ಟಕವನ್ನು ತುಂಬುವಾಗ ಹಿಂದಿನ ತಂಡ ಒಂದೇ ಸ್ಲಗ್ಗಿಗೆ ಎರಡು, ಮೂರು ಎಂದು ಬಾಲ ಅಂಟಿಸುತ್ತಾ ಹೋದದ್ದು ಏಕೆಂದು ತಿಳಿಯಿತು. ಕಲೆ, ಕಾಲ, ಕೋಲು ಎಂಬ ಮೂರು ಅಂಕಣಬರಹಗಳ ಸ್ಲಗ್ಗುಗಳು ಕಲ, ಕಲ-2, ಕಲ-3 ಎಂದಿದ್ದವು. ಯಾವುದು ಯಾವುದಕ್ಕೆ ಎಂದು ಕ್ರಮಸಂಖ್ಯೆ ನೋಡಿಯೇ ಹೊಂದಿಸಬೇಕಾಯಿತು.

ತುಂಗಾತೀರ

ಆ ಕೋಷ್ಟಕದ ಹಳೆಯ ಸ್ಲಗ್ ಅಂಕಣಕ್ಕೆ ಅನನ್ಯತೆಯ ನಿರ್ಬಂಧ ಹಾಕಿದ್ದೀರಿ ತಾನೇ?

ಕಡತಗಾರ

ಹಾಕಿರಲಿಲ್ಲ. ಈಗ ಹಾಕಿದೆ. ಎರಡು ಸಾಲುಗಳು ತಕರಾರು ಎತ್ತಿವೆ, ನೋಡುತ್ತಿದ್ದೇನೆ.